ಲಗ್ರಾಂಜ್ ಲೆಕ್ಕ: ಸೂತ್ರಕ್ಕೂ ಮುಂಚೆ ಬೆಟ್ಟದ ನಕ್ಷೆ

ಮಂಡ್ಯದಲ್ಲಿ ಬಿಎಸ್ಸಿ, ಇಂಜಿನಿಯರಿಂಗ್ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತೇನೆ. ಗರಿಷ್ಠ-ಕನಿಷ್ಠದ ಪಾಠಕ್ಕೆ ಬಂದಾಗ ಪಾರ್ಷಿಯಲ್ ಡೆರಿವೇಟಿವ್ (ಒಂದು ಚರ ಮಾತ್ರ ಬದಲಾದಾಗಿನ ಬದಲಾವಣೆಯ ದರ) ತೆಗೆಯುವುದು ಯಾರಿಗೂ ಅಷ್ಟು ಕಷ್ಟ ಆಗುವುದಿಲ್ಲ. ಸಿಕ್ಕಿಹಾಕಿಕೊಳ್ಳುವುದು ಅದಕ್ಕೂ ಮೊದಲೇ, ಯಾವುದನ್ನು ಜಾಸ್ತಿ ಮಾಡಬೇಕು, ಯಾವುದು ಷರತ್ತು ಅಂತ ಬಿಡಿಸಿಕೊಳ್ಳುವಲ್ಲಿ. ಹಾಗಾಗಿ ಮೊದಲ ದಿನ ಬೋರ್ಡಿನ ಮೇಲೆ ಸೂತ್ರವನ್ನೇ ಬರೆಯುವುದಿಲ್ಲ.

ಚಾಮುಂಡಿ ಬೆಟ್ಟದ ಕಂಟೂರ್ ಗೆರೆಗಳನ್ನು ಎಳೆಯುತ್ತೇನೆ. ಒಂದೊಂದು ಗೆರೆಯ ಮೇಲೂ ಎತ್ತರ ಒಂದೇ. ತುದಿ ಮುಟ್ಟದೆ ಬೆಟ್ಟದ ಪಕ್ಕದಲ್ಲಿ ಹಾದುಹೋಗುವ ಒಂದು ದಾರಿಯನ್ನೂ ಎಳೆದು, ಈ ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಯಾವುದು ತೋರಿಸಿ ಅಂತ ಕೇಳುತ್ತೇನೆ. ದಾರಿ ಗೆರೆಯನ್ನು ದಾಟುತ್ತಿದ್ದರೆ ನಾವಿನ್ನೂ ಹತ್ತುತ್ತಿದ್ದೇವೆ, ಇಲ್ಲಾ ಇಳಿಯುತ್ತಿದ್ದೇವೆ, ಅಲ್ವಾ? ಅತಿ ಎತ್ತರದಲ್ಲಿ ಮಾತ್ರ ದಾರಿ ಗೆರೆಯನ್ನು ದಾಟದೆ ಸುಮ್ನೆ ಸವರಿಕೊಂಡು ಹೋಗುತ್ತದೆ. ಅಲ್ಲಿ ಎರಡಕ್ಕೂ ಲಂಬ ಒಂದೇ. ಆ ಲಂಬದ ನೇರಕ್ಕೇ ಇರುತ್ತದೆ ಗ್ರೇಡಿಯಂಟ್, ಅಂದರೆ ಬೆಲೆ ಅತಿ ಬೇಗ ಹೆಚ್ಚುವ ದಿಕ್ಕು ಮತ್ತು ದರ. ಹಾಗಾಗಿ ಎತ್ತರದ್ದು, ಷರತ್ತಿನದ್ದು (ಇಲ್ಲಿ ದಾರಿ), ಎರಡು ಗ್ರೇಡಿಯಂಟ್‌ಗಳೂ ಒಂದೇ ನೇರಕ್ಕೆ ಬಂದು ನಿಲ್ಲುತ್ತವೆ, ಮೊದಲನೆಯದು ಎರಡನೆಯದರ ಇಷ್ಟು ಪಟ್ಟು ಅನ್ನುವ ಸಂಖ್ಯೆಯೇ ಲ್ಯಾಂಬ್ಡಾ. 18ನೇ ಶತಮಾನದಲ್ಲಿ ಗಣಿತಜ್ಞ ಲಗ್ರಾಂಜ್ ಕೊಟ್ಟ ವಿಧಾನದ ತಿರುಳು ಇದೇ.

ಆಮೇಲೆ ಲೆಕ್ಕ. ನಾಲೆ ಪಕ್ಕ ಆಯತಾಕಾರದ ಜಾಗಕ್ಕೆ 60 ಮೀಟರ್ ಬೇಲಿ ಇದೆ, ನಾಲೆ ಕಡೆ ಬೇಲಿ ಬೇಡ, ಆದಷ್ಟು ಜಾಸ್ತಿ ಜಾಗ ಒಳಗೆ ಬರಬೇಕು. ಉದ್ದ ಎಕ್ಸ್, ಅಗಲ ವೈ. ಹೆಚ್ಚಿಸಬೇಕಾದದ್ದು ಎಕ್ಸ್ × ವೈ, ಷರತ್ತು ಎಕ್ಸ್ + 2ವೈ = 60. ಬಿಡಿಸಿದರೆ ಉದ್ದ 30, ಅಗಲ 15, ಜಾಗ 450 ಚದರ ಮೀಟರ್, ಲ್ಯಾಂಬ್ಡಾ 15. 'ಸಾರ್, ಎಕ್ಸ್ ಬದಲು 60 − 2ವೈ ಹಾಕಿದರೂ ಇದೇ ಬರುತ್ತಲ್ಲ, ಇದೆಲ್ಲ ಯಾಕೆ?' ಅಂತ ಯಾರಾದರೂ ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಬೇಲಿಯನ್ನು 61 ಮೀಟರ್ ಮಾಡಿ ನೋಡಿ ಅನ್ನುತ್ತೇನೆ. 30.5, 15.25, ಜಾಗ 465.125. ಹೆಚ್ಚಿದ್ದು ಸುಮಾರು 15. ಇನ್ನೊಂದು ಮೀಟರ್ ಬೇಲಿ ತಂದರೆ ಎಷ್ಟು ಜಾಗ ಸಿಗುತ್ತದೆ ಅನ್ನುವುದನ್ನು ಲ್ಯಾಂಬ್ಡಾ ಮೊದಲೇ ಹೇಳಿಬಿಟ್ಟಿತ್ತು. ಇಷ್ಟು ಮುಖ್ಯವಾದದ್ದನ್ನು ಕಂಡುಹಿಡಿದು, ಉತ್ತರಕ್ಕೆ ಬೇಡ ಅಂತ ಬಿಟ್ಟುಬಿಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಷರತ್ತಿಲ್ಲದ ಲೆಕ್ಕಕ್ಕೆ ಪ್ರತಿ ಬ್ಯಾಚಿಗೂ ಒಂದೇ ಉದಾಹರಣೆ: ಎಕ್ಸ್ ವರ್ಗ + 3ಎಕ್ಸ್‌ವೈ + ವೈ ವರ್ಗ. ಎಕ್ಸ್ ದಿಕ್ಕಿನಲ್ಲಿ ನೋಡಿದರೂ ವೈ ದಿಕ್ಕಿನಲ್ಲಿ ನೋಡಿದರೂ ಸೊನ್ನೆಯಲ್ಲಿ ಕನಿಷ್ಠ ಇದ್ದಂತೆಯೇ ಕಾಣುತ್ತದೆ. ಎಕ್ಸ್ 0.01, ವೈ ಮೈನಸ್ 0.01 ಹಾಕಿಸುತ್ತೇನೆ. ಉತ್ತರ ಮೈನಸ್! ಅದು ಸ್ಯಾಡಲ್ ಪಾಯಿಂಟ್, ಅಂದರೆ ಕುದುರೆಯ ಜೀನಿನ ಹಾಗೆ ಒಂದು ದಿಕ್ಕಿನಲ್ಲಿ ಏರಿ, ಇನ್ನೊಂದು ದಿಕ್ಕಿನಲ್ಲಿ ಇಳಿಯುವ ಜಾಗ. ಎಕ್ಸ್, ವೈ ದಿಕ್ಕಿನ ಎರಡನೇ ಡೆರಿವೇಟಿವ್‌ಗಳು 2, 2 ಇದ್ದರೂ, ಎರಡೂ ಸೇರಿದ ಡೆರಿವೇಟಿವ್ 3 ಅನ್ನೂ ಸೇರಿಸಿ 2 × 2 − 3 × 3 ಪ್ಲಸ್ಸೋ ಮೈನಸ್ಸೋ ಅಂತ ಯಾಕೆ ನೋಡಬೇಕು ಅಂತ ಆಮೇಲೆ ಯಾರೂ ಕೇಳುವುದಿಲ್ಲ.