ಅಮ್ಮನ ಅಟ್ಟ ಇಳಿಸಿದ ನಾಲ್ಕು ದಿನ

ಅಮ್ಮನ ವರ್ಷಾಂತಿಕ ಮುಗಿದ ಮೇಲೆ ಶಿವಮೊಗ್ಗದ ಮನೆಯನ್ನು ಬಾಡಿಗೆಗೆ ಕೊಡೋಣ ಎಂದು ಅಕ್ಕ, ನಾನು ಮಾತಾಡಿಕೊಂಡೆವು. ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ ಅಕ್ಕನೇ ತಳ್ಳಿದಳು. "ನನ್ನ ಕೈಯಲ್ಲಿ ಆಗಲ್ಲ ಮಾರಾಯ್ತಿ. ನಿಂಗಾದ್ರೆ ಎಂತದೂ ಅನ್ಸಲ್ಲ" ಅಂದಳು. ಹೊಗಳಿದಳೋ ತೆಗಳಿದಳೋ ತಿಳಿಯಲಿಲ್ಲ. ಮಾತು ಮಾತ್ರ ನಿಜ.

ನನಗೆ ವಸ್ತುಗಳ ಮೇಲೆ ಅಂಥ ಮೋಹವಿಲ್ಲ. ಶಾಲೆಯಲ್ಲಿ ಬಂದ ಸ್ಟೀಲ್ ಲೋಟ, ನನ್ನದೇ ಮದುವೆಯ ಕರೆಯೋಲೆ, ಮಗನ ಮೊದಲ ಚಪ್ಪಲಿ ಯಾವುದನ್ನೂ ಇಟ್ಟುಕೊಂಡಿಲ್ಲ. ಇಡಬಾರದು ಎಂಬ ವ್ರತವೇನಲ್ಲ, ಇಡಬೇಕು ಅಂತ ಅನ್ನಿಸಲೇ ಇಲ್ಲ. ಕಲ್ಲೆದೆ ಅನ್ನುವವರಿದ್ದಾರೆ. ಅಮ್ಮ ಹೋದ ಮೇಲೆ ನಾನು ಮೊದಲು ಅತ್ತದ್ದು ಸಾಗರದ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ ಯಾರೋ ಥೇಟು ಅವಳ ಹಾಗೇ ಕೆಮ್ಮಿದಾಗ. ಅವಳ ಸೀರೆ ಕೈಗೆತ್ತಿಕೊಂಡರೆ ನನಗೆ ಕಾಣುವುದು ಸೀರೆ ಅಷ್ಟೇ.

ಇದು ಅಜ್ಜಿಯಿಂದ ಬಂದ ಗುಣ ಇರಬೇಕು. ಅಜ್ಜಿಯ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ತೋಟ, ಗದ್ದೆ, ಮನೆ ಎಲ್ಲ ನೀರಿನ ಕೆಳಗೆ ಹೋಯಿತು. ನಮ್ಮ ಕಡೆ ಅದಕ್ಕೆ ಒಂದೇ ಹೆಸರು, ಮುಳುಗಡೆ. ಲಾರಿಯಲ್ಲಿ ಹಿಡಿಸಿದಷ್ಟು ಹೇರಿಕೊಂಡು ಶಿವಮೊಗ್ಗದ ಕಡೆಯ ಕಾಡಿಗೆ ಬಂದರು. ಮಳೆ ಕೈಕೊಟ್ಟ ವರ್ಷ ಹಿನ್ನೀರು ಇಳಿದು ಮಡೇನೂರಿನ ಹಳೇ ಅಣೆಕಟ್ಟು ಮೇಲೆದ್ದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಅಜ್ಜಿ ಒಂದು ಸಲವೂ ಹೋಗಲಿಲ್ಲ. "ಹೊಳೆಗೆ ಬಿಟ್ಟದ್ದನ್ನ ಲೆಕ್ಕ ಹಾಕೂದಲ್ಲ" ಅನ್ನುತ್ತಿದ್ದಳು. ಅವಳು ಸತ್ತಾಗ ಅವಳದೆಂದು ಇದ್ದದ್ದು ಒಂದು ಟ್ರಂಕು, ಅದೂ ಅರ್ಧ ಖಾಲಿ. ಅದೇ ಲಾರಿಯಲ್ಲಿ ಹದಿನಾಲ್ಕು ವರ್ಷದ ಹುಡುಗಿಯಾಗಿ ಕೂತು ಬಂದ ಅಮ್ಮ ಮಾತ್ರ ಮುಂದೆ ಒಂದು ಹಾರ್ಲಿಕ್ಸ್ ಬಾಟಲಿಯನ್ನೂ ಎಸೆಯಲಿಲ್ಲ.

ಹೀಗಾಗಿ ಅಟ್ಟ. ನಾಲ್ಕು ದಿನ ರಜೆ ಹಾಕಿ ಹೋಗಿದ್ದೆ. ಫೋಟೋ, ಕಾಗದಪತ್ರಗಳ ಕಪಾಟಿನ ಬಾಗಿಲನ್ನು ಮೊದಲ ಎರಡು ದಿನ ತೆಗೆಯಲೇ ಇಲ್ಲ. ಮೋಹ ಇಲ್ಲದವರೂ ಓದುತ್ತ ಕೂತರೆ ಸಂಜೆಯಾಗಿಬಿಡುತ್ತದೆ. ಅಡುಗೆಮನೆಯ ಅಟ್ಟದಿಂದ ಶುರು ಮಾಡಿದೆ. ಕಲಾಯಿ ಹೋದ ಹಿತ್ತಾಳೆ ತಪ್ಪಲೆಗಳು, ತಾಮ್ರದ ಹಂಡೆ ಎರಡು, ಐವತ್ತು ಜನಕ್ಕೆ ಬಡಿಸುವಷ್ಟು ಸೌಟು, ಮುಚ್ಚಳವಿಲ್ಲದ ಕುಕ್ಕರು, ಕುಕ್ಕರಿಲ್ಲದ ಮುಚ್ಚಳ. ದೊಡ್ಡವನ್ನೆಲ್ಲ ಜಗಲಿಯಲ್ಲಿ ಸಾಲಾಗಿಟ್ಟು ಫೋಟೋ ಹೊಡೆದು ಅಕ್ಕನಿಗೂ ಚಿಕ್ಕಮ್ಮನಿಗೂ ವಾಟ್ಸಾಪ್ ಮಾಡಿದೆ. "ಬೇಕಾದ್ದು ಹೇಳಿ, ಸಂಜೆ ಆರರವರೆಗೆ ಸಮಯ." ಅಕ್ಕ ಒಂದು ಹಂಡೆ ಕೇಳಿದಳು. ಚಿಕ್ಕಮ್ಮ ಎಲ್ಲವೂ ಬೇಕು ಅಂದರು, ಆಮೇಲೆ ಒಯ್ಯುವುದು ಹೇಗೆ ಅಂತ ಕೇಳಿದೆ, ಒಂದೂ ಬೇಡ ಅಂದರು. ಗಡುವು ಹಾಕದೇ ಹೋಗಿದ್ದರೆ ಆ ಪಾತ್ರೆಗಳು ಇವತ್ತಿಗೂ ಜಗಲಿಯಲ್ಲೇ ಇರುತ್ತಿದ್ದವು.

ಮಾರನೇ ದಿನ ಗುಜರಿಯವನು ಬಂದ. ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ತೂಗಿದ. ಹಿತ್ತಾಳೆ 17 ಕಿಲೋ, ತಾಮ್ರ 6. ಚೌಕಾಸಿ ನನಗೆ ಬರುವುದಿಲ್ಲ. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದಲೇ ನನ್ನ ಪರವಾಗಿ ಜಗಳವಾಡಿ ಕಿಲೋಗೆ ಮೂವತ್ತು ರೂಪಾಯಿ ಹೆಚ್ಚು ಕೊಡಿಸಿದರು. ಕೊನೆಯಲ್ಲಿ ಕಬ್ಬಿಣದ ಚೂರುಪಾರು ಒಂದು ಗೋಣಿಚೀಲಕ್ಕೆ ತುಂಬಿ, ತೂಗದೇ, ಹಾಗೇ ಒಯ್ಯಲು ಹೇಳಿದೆ. ಆ ಚೀಲದ ಕಥೆ ಆಮೇಲೆ ಹೇಳುತ್ತೇನೆ.

ಸೀರೆಗಳಲ್ಲಿ ಉಡುವಂಥದ್ದು ಅಕ್ಕನಿಗೆ, ಮನೆಗೆಲಸಕ್ಕೆ ಬರುತ್ತಿದ್ದವರಿಗೆ ಹೋದವು. ಮಡಿಕೆಯಲ್ಲೇ ಸೀಳಿದ ರೇಷ್ಮೆ ನಾಲ್ಕಿದ್ದವು. ಹಳೇ ಜರಿ ಕೊಳ್ಳುವವನು ಒಂದೊಂದರ ಅಂಚಿನಿಂದ ಎಳೆ ಕಿತ್ತು ಕಲ್ಲಿಗೆ ತಿಕ್ಕಿದ. ಎರಡರಲ್ಲಿ ತಾಮ್ರದ ಬಣ್ಣ ಕಂಡಿತು, ಪಕ್ಕಕ್ಕೆಸೆದ. ಒಂದು ಹಳೇ ಮೈಸೂರು ಸಿಲ್ಕ್ ಕಂಡದ್ದೇ ಮುಖ ಅರಳಿತು. 1912ರಲ್ಲಿ ಮಹಾರಾಜರ ಕಾಲಕ್ಕೆ ಶುರುವಾದ ಆ ಕಾರ್ಖಾನೆಯ ಜರಿಯಲ್ಲಿ ಬೆಳ್ಳಿ ಶೇ 65, ಚಿನ್ನ ಶೇ 0.65 ಇರುತ್ತದಂತೆ. ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ ಎಂದು ಕೇಳಿ ಅಕ್ಕ ಫೋನಿನಲ್ಲೇ "ಅಯ್ಯೋ" ಅಂದಳು. ಅಟ್ಟದ ಮೇಲೆ ಜಿರಲೆಗೆ ಹಾಸಿಗೆಯಾಗುವುದಕ್ಕಿಂತ ಬೆಳ್ಳಿಯಾಗುವುದು ಮೇಲು ಎಂದು ನನ್ನ ಎಣಿಕೆ.

ಸಾಸಿವೆ ಡಬ್ಬಿಯಲ್ಲಿ ಹಳೇ 500ರ ಆರು ನೋಟು ಸಿಕ್ಕವು. 2016ರ ನವೆಂಬರ್ 8ರ ರಾತ್ರಿ ಅವು ಕಾಗದವಾದವು, ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30ರವರೆಗೆ ಗಡುವಿತ್ತು. ಅಮ್ಮ ಮರೆತಳೋ, ಅಪ್ಪನಿಗೆ ಹೇಳಲು ಅಂಜಿದಳೋ. ಹತ್ತರ ಒಳಗೆ ಇಟ್ಟುಕೊಂಡರೆ ತಪ್ಪಿಲ್ಲ ಅಂತ ಮಗ ಕಾನೂನು ಹೇಳಿ ತಾನೇ ತೆಗೆದುಕೊಂಡ. ಅಪ್ಪನ ಎಚ್‌ಎಂಟಿ ವಾಚು, ಕೀ ಕೊಡುವಂಥದ್ದು, ಗಾಂಧಿಬಜಾರಿನ ಹತ್ತಿರ ರಿಪೇರಿ ಮಾಡುವ ಮುದುಕರಿಗೆ ಕೊಟ್ಟೆ. ಕಂಪನಿಯೇ ಮುಚ್ಚಿದ ಮೇಲೆ ಬಿಡಿಭಾಗ ಸಿಗುವುದಿಲ್ಲವಂತೆ. ದುಡ್ಡು ಬೇಡ ಅಂದಾಗ ಅವರಿಗೆ ಅನುಮಾನ ಬಂದು ಎರಡು ಸಲ ಕೇಳಿದರು.

ನಾನು ಸ್ವಲ್ಪ ಹೊತ್ತು ಕೂತದ್ದು ಒಂದೇ ಕಡೆ, ಅಮ್ಮ ಹೊಲಿದ ಧಾರಾವಾಹಿಗಳ ಮುಂದೆ. ಸುಧಾ, ತರಂಗದಲ್ಲಿ ಬರುತ್ತಿದ್ದ ಕಾದಂಬರಿಯ ಪುಟಗಳನ್ನು ವಾರವಾರವೂ ಕಿತ್ತಿಟ್ಟು, ಮುಗಿದ ಮೇಲೆ ಗೋಣಿ ಹೊಲಿಯುವ ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದಳು. ಹನ್ನೊಂದು ಪುಸ್ತಕ. ಒಂದರಲ್ಲಿ ಏಳನೆಯ ಕಂತು ಇಲ್ಲ. ಅದರ ಜಾಗದಲ್ಲಿ ನೋಟ್‌ಬುಕ್ಕಿನ ಹಾಳೆಯಲ್ಲಿ ಅಮ್ಮನೇ ಬರೆದಿದ್ದಳು: "ಈ ವಾರ ಪೇಪರಿನವನು ಹಾಕಲಿಲ್ಲ. ಆಚೆಮನೆಯವರು ಹೇಳಿದ ಪ್ರಕಾರ ಅವಳು ತವರಿಗೆ ಹೋಗುತ್ತಾಳೆ." ನಕ್ಕುಬಿಟ್ಟೆ. ಆಮೇಲೆ ಹನ್ನೊಂದನ್ನೂ, ಆ ಹಾಳೆ ಸಮೇತ, ಓದುವ ಹುಚ್ಚಿರುವ ಪಕ್ಕದ ಆಂಟಿಗೆ ಕೊಟ್ಟೆ. ಕೊಟ್ಟದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಹಾಳೆಯ ಫೋಟೋ ಯಾಕೆ ತೆಗೆಯಲಿಲ್ಲ ಅಂತ ಅಕ್ಕ ಕೇಳಿದಳು. ಹೊಳೆಯಲಿಲ್ಲ, ಅಷ್ಟೇ.

ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಕಾಗದಪತ್ರ. ಖಾತೆ, ಪಹಣಿ, ತೆರಿಗೆ ರಸೀದಿ, ಅಜ್ಜನ ಹೆಸರಿನ ಮುಳುಗಡೆ ಕಾಗದಗಳು. ಮುಳುಗಡೆಯವರ ಹಕ್ಕುಪತ್ರದ ತಕರಾರು ಅರವತ್ತು ವರ್ಷವಾದರೂ ಮುಗಿದಿಲ್ಲ. ಒಂದು ಚೀಟಿ ಕಳೆದುಕೊಂಡವರು ಕಚೇರಿ ಅಲೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮನೆ ಖಾಲಿ ಮಾಡುವವರಿಗೆ ನಾನು ಹೇಳುವುದು ಇದೊಂದೇ: ಮೊಹರು ಬಿದ್ದ ಕಾಗದ ಕಂಡರೆ ಓದದೇ ಎಸೆಯಬೇಡಿ, ಎಷ್ಟೇ ಗೆದ್ದಲು ಹಿಡಿದಿರಲಿ.

ಇನ್ನು ಆ ಗೋಣಿಚೀಲ. ಮೂರನೇ ದಿನ ರಾತ್ರಿ ಅಕ್ಕ ಫೋನು ಮಾಡಿ, "ಈಳಿಗೆಮಣೆ ಎಲ್ಲಿಟ್ಟಿದೀಯೆ?" ಅಂದಳು. ತುಕ್ಕು ಹಿಡಿದು ಅಲುಗಾಡುತ್ತಿದ್ದ ಈಳಿಗೆಮಣೆ, ಅದರ ಫೋಟೋ ಕೂಡ ಕಳಿಸಿರಲಿಲ್ಲ. ಯಾರು ಕೇಳುತ್ತಾರೆ ಅಂತ. ಗುಜರಿಗೆ ಹೋಯ್ತು ಅಂದೆ. ಆ ಕಡೆ ಮಾತೇ ಇಲ್ಲ. ಅಳುತ್ತಿದ್ದಾಳೆ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವಳ ಎಡ ಹೆಬ್ಬೆರಳಿನಲ್ಲಿ ಇರುವ ಗಾಯದ ಗುರುತು ಆ ಕತ್ತಿಯದು. ಎಂಟನೇ ವಯಸ್ಸಿಗೆ ಹಲಸಿನಕಾಯಿ ಹೆಚ್ಚಲು ಕೂತಾಗ ಆದದ್ದು. ಅಮ್ಮ ಅರಿಶಿನ ಒತ್ತಿ, ಕೈ ಹಿಡಿದುಕೊಂಡೇ ಉಳಿದದ್ದನ್ನು ಹೆಚ್ಚಿಸಿದ್ದಳಂತೆ. ನಾನಿನ್ನೂ ಹುಟ್ಟಿರಲಿಲ್ಲ.

ನನ್ನ ವಸ್ತು ನಾನು ಎಸೆಯುವುದರಲ್ಲಿ ಪಳಗಿದವಳು. ಇದು ನನ್ನದಾಗಿರಲಿಲ್ಲ. ಫೋಟೋ ಹೊಡೆದು ಕೇಳಿದ್ದೆಲ್ಲ ಬೆಲೆ ಬಾಳುವಂಥದ್ದು, ಕೇಳದೇ ಕೊಟ್ಟದ್ದು ಕಾಸಿಗೆ ಬಾಳದ್ದು. ತಿರುವುಮುರುವು ಮಾಡಬೇಕಿತ್ತು. ಹಂಡೆ ಹೋದರೆ ಅಕ್ಕ ಹಂಡೆಯನ್ನು ಕೊಂಡಾಳು.

ಬೆಳಗ್ಗೆ ಎದ್ದದ್ದೇ ಗುಜರಿ ಅಂಗಡಿಗೆ ಓಡಿದೆ. "ಕಬ್ಬಿಣದ ಲೋಡು ನಿನ್ನೆ ಸಂಜೆನೇ ಹೋಯ್ತಲ್ಲ ಅಕ್ಕಾ" ಅಂದ. ಮರದ ಭಾಗ ಬಿಚ್ಚಿ ಸೌದೆಗೆ ಹಾಕುತ್ತಾರಂತೆ. ಹಿಂದಿನ ರಾಶಿಯಲ್ಲಿ, ಕುರ್ಚಿಯ ಕಾಲು, ಕಿಟಕಿ ಚೌಕಟ್ಟುಗಳ ನಡುವೆ ಅರ್ಧ ಗಂಟೆ ಹುಡುಕಿದ ಮೇಲೆ ಹಲಗೆ ಸಿಕ್ಕಿತು. ಕೂತು ಕೂತು ನಡುವೆ ತಗ್ಗು ಬಿದ್ದಿತ್ತು, ಕತ್ತಿ ಕಿತ್ತ ಜಾಗದಲ್ಲಿ ಹಸಿ ಸೀಳು. ಹತ್ತು ರೂಪಾಯಿ ಕೊಡಲು ಹೋದೆ, ಬೇಡ ಅಂದ.

ಹಲಗೆ ಈಗ ಅಕ್ಕನ ಮನೆಯಲ್ಲಿದೆ. ಕಮ್ಮಾರನ ಹತ್ತಿರ ಹೊಸ ಕತ್ತಿ ಹಾಕಿಸಿಕೊಡುತ್ತೇನೆ ಅಂದೆ. ಬೇಡ ಅಂದಳು. ದೀಪಾವಳಿಗೆ ಹೋದಾಗ ಅದರ ಮೇಲೆ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದಳು.