ಚಕ್ರ ಹೊರಗೆ ತಂದ ಮೇಲೆ ಸ್ಟಿಯರಿಂಗ್ ಹಾದಿಗೆ ತಂದದ್ದು

ಪೈಪ್ ಚಾಸಿಯ ನನ್ನ ಬಗ್ಗಿ (ಕಚ್ಚಾ ನೆಲದಲ್ಲಿ ಓಡಿಸುವ ಸಣ್ಣ ಗಾಡಿ) ಮಾರುತಿ 800ರ ಬಿಡಿಭಾಗಗಳಿಂದ ಆದದ್ದು. ಆ ಕಾರಿನ ಮುಂದಿನ ಟ್ರ್ಯಾಕ್, ಅಂದರೆ ಎರಡು ಮುಂಚಕ್ರಗಳ ನಡುವಿನ ಅಂತರ, 1,215 ಮಿ.ಮೀ. ಮೂಡುಬಿದಿರೆ ಕಡೆಯ ಮುರಕಲ್ಲಿನ ಹಳೇ ಕೋರೆಯಲ್ಲಿ ತಿರುವಿಗೆ ಹಾಕಿದರೆ ಮುಂದಿನ ಒಳಚಕ್ರ ನೆಲ ಬಿಡುತ್ತಿತ್ತು. ಖಾಸಗಿ ಜಾಗದಲ್ಲಿ ಮಾತ್ರ ಓಡಿಸುವ ಗಾಡಿ ಇದು. ವಾಹನದ ಮೂಲ ರಚನೆ ಬದಲಿಸುವುದನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವಾಗ ಇಂಥದ್ದನ್ನು ರಸ್ತೆಗೆ ಇಳಿಸುವ ಮಾತೇ ಇಲ್ಲ.

ಚಕ್ರಗಳನ್ನು ಅಗಲಕ್ಕೆ ತರಲು ಮೊದಲು ಹಬ್ಬಿಗೂ ಚಕ್ರಕ್ಕೂ ನಡುವೆ 40 ಮಿ.ಮೀ. ದಪ್ಪದ ಬಿಲ್ಲೆ (ಸ್ಪೇಸರ್) ಹಾಕಿದೆ. ತಪ್ಪಾಯಿತು. ಚಕ್ರ ಹೊರಗೆ ಬಂತು, ಅದು ತಿರುಗುವ ಅಕ್ಷ ಇದ್ದಲ್ಲೇ ಉಳಿಯಿತು. ಆ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ದೂರ (ಸ್ಕ್ರಬ್ ರೇಡಿಯಸ್) ಅಷ್ಟೂ ಹೆಚ್ಚಿ, ಗುಂಡಿಗೆ ಬಿದ್ದಾಗಲೆಲ್ಲ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತಿತ್ತು. ಎರಡು ದಿನ ಮಣಿಕಟ್ಟು ನೋವು.

ಸ್ಪೇಸರ್ ಬಿಚ್ಚಿಟ್ಟು, ಬೈಕಂಪಾಡಿಯ ಒಂದು ಲೇತ್ ಅಂಗಡಿಯಲ್ಲಿ ಚಕ್ರವನ್ನು ಕೆಳಗಿಂದ ಹಿಡಿಯುವ ಲೋವರ್ ಆರ್ಮನ್ನು ಮೊದಲಿನದಕ್ಕಿಂತ 40 ಮಿ.ಮೀ. ಉದ್ದವಾಗಿ ಹೊಸದಾಗಿ ಮಾಡಿಸಿದೆ. ಕೆಳಗೆ ಮಾತ್ರ ಹೊರತಂದರೆ ಕ್ಯಾಂಬರ್, ಅಂದರೆ ಚಕ್ರದ ನಿಲುವು, ಹೆಚ್ಚುಕಮ್ಮಿ ನಾಲ್ಕು ಡಿಗ್ರಿ ವಾಲುತ್ತದೆ. ಹಾಗಾಗಿ ಚಕ್ರವನ್ನು ಮೇಲಿಂದ ಹಿಡಿಯುವ ಸ್ಟ್ರಟ್‌ನ ಮೇಲಿನ ಪ್ಲೇಟನ್ನೂ ಅಷ್ಟೇ ಸರಿಸಿದೆ. ಎಂಜಿನ್ ಹಿಂದಿರುವುದರಿಂದ ಮುಂದೆ ಚಕ್ರಕ್ಕೆ ಎಂಜಿನ್ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ತಾಪತ್ರಯ ಇರಲಿಲ್ಲ. ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡೂ ಅಷ್ಟೇ ಉದ್ದವಾಗಬೇಕು. ಅದನ್ನು ಮಾತ್ರ ಕತ್ತರಿಸಿ ವೆಲ್ಡ್ ಮಾಡಬೇಡಿ, ದಮ್ಮಯ್ಯ. ಅದು ಮುರಿದರೆ ಚಕ್ರ ತನ್ನ ದಾರಿ ತಾನು ಹಿಡಿಯುತ್ತದೆ. ನಾನು ಷಡ್ಭುಜ ಸರಳಿನಿಂದ ಥ್ರೆಡ್ ಸ್ಲೀವ್ ಕಡೆಸಿದೆ; ಥ್ರೆಡ್ ಒಳಗೆ ಹೋದ ಉದ್ದ ಅದರ ವ್ಯಾಸದ ಒಂದೂವರೆ ಪಟ್ಟಿಗಿಂತ ಕಡಿಮೆ ಇರಕೂಡದು.

ಇಷ್ಟಾದರೂ ಉಬ್ಬು ಹತ್ತಿದರೆ ಗಾಡಿ ಅತ್ತಿತ್ತ ಹೊಯ್ದಾಡುತ್ತಿತ್ತು. ಸ್ಪ್ರಿಂಗ್ ತೆಗೆದು, ಹಬ್‌ಗೆ ಅಲ್ಯುಮಿನಿಯಂ ಹಲಗೆ ಬಿಗಿದು, ಪಕ್ಕದಲ್ಲಿ ನೂಲು ಕಟ್ಟಿ, ಜಾಕ್‌ನಿಂದ ಹತ್ತು ಹತ್ತು ಮಿ.ಮೀ. ಎತ್ತುತ್ತಾ ಅಳೆದೆ. 50 ಮಿ.ಮೀ. ಮೇಲೆ ಹೋದಾಗ 6 ಮಿ.ಮೀ. ಟೋ ಇನ್ (ಚಕ್ರದ ಮುಂತುದಿ ಒಳಕ್ಕೆ), ಕೆಳಗೆ ಇಳಿದಾಗ ಹತ್ತಿರಹತ್ತಿರ ಅಷ್ಟೇ ಟೋ ಔಟ್ (ಹೊರಕ್ಕೆ). ಸುಳಿವು ಸಿಕ್ಕಿದ್ದೇ ಅಲ್ಲಿ. ಮೇಲೆ ಹೋದಾಗಲೂ ಕೆಳಗೆ ಇಳಿದಾಗಲೂ ಚಕ್ರ ಒಂದೇ ದಿಕ್ಕಿಗೆ ತಿರುಗಿದ್ದರೆ ಟೈ ರಾಡ್ ಉದ್ದದ ದೋಷ. ಹೀಗೆ ಎದುರುಬದುರಾದರೆ ಎತ್ತರದ ದೋಷ, ಅಂದರೆ ಟೈ ರಾಡುಗಳನ್ನು ತಳ್ಳುವ ಹಲ್ಲಿನ ಸರಳು (ರ‍್ಯಾಕ್) ತಪ್ಪು ಎತ್ತರದಲ್ಲಿದೆ. ನನ್ನ ರ‍್ಯಾಕ್ ಇರುವುದು ಆಕ್ಸಲಿನ ಹಿಂದೆ, ಹಾಗಾಗಿ ಅದು ಎತ್ತರದಲ್ಲಿ ಕೂತಿದೆ ಎಂದಾಯಿತು. ಅಡಿಯ 10 ಮಿ.ಮೀ. ಪ್ಯಾಕಿಂಗ್ ತೆಗೆದು ಮತ್ತೆ ಅಳೆದೆ. ಒಂದು ಮಿ.ಮೀ.ಗಿಂತಲೂ ಕಡಿಮೆ!

ಅಕರ್‌ಮನ್ ಲೆಕ್ಕ (ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗಬೇಕೆಂಬ ಲೆಕ್ಕ) ಕೊಂಚ ತಪ್ಪಿದೆ, ಸ್ಟಿಯರಿಂಗ್ ಆರ್ಮ್‌ಗಳ ಗೆರೆಗಳು ಈಗ ಇನ್ನೂ ಹಿಂದೆ ಹೋಗಿ ಕೂಡುತ್ತವೆ. ಬಿಗಿ ತಿರುವಿನಲ್ಲಿ ಟೈರ್ ಸ್ವಲ್ಪ ಉಜ್ಜುತ್ತದೆ, ಮಣ್ಣಿನ ನೆಲದಲ್ಲಿ ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಸ್ಲೀವಿನ ಲಾಕ್ ನಟ್‌ಗಳಿಗೆ ಹಳದಿ ಬಣ್ಣದ ಗೆರೆ ಎಳೆದಿದ್ದೇನೆ. ಪ್ರತಿ ಸಲ ಓಡಿಸಿ ಬಂದ ಮೇಲೆ ಕೆಂಪು ಧೂಳು ಒರೆಸಿ, ಗೆರೆ ಕದಲಿದೆಯೇ ಎಂದು ನೋಡುತ್ತೇನೆ.