ಗಿಡ ಬೆಳಿಗ್ಗೆ, ಸೂಜಿ ಹನ್ನೊಂದಕ್ಕೆ, ಮಧ್ಯಾಹ್ನ ಏನೂ ಇಲ್ಲ

ಹೋದ ವರ್ಷ ಕಸೂತಿಯ ಒಂದು ಗೋಪುರದ ಚಿತ್ತಾರವನ್ನು ಮೂರು ಸಲ ಬಿಚ್ಚಿದೆ. ಊಟ ಆದ ಮೇಲೆ ಕಣ್ಣು ಎಳೆಯುತ್ತಿದ್ದರೂ ‘ಇದೊಂದು ಸಾಲು ಮುಗಿಸೋಣ’ ಅಂತ ಕೂರುತ್ತಿದ್ದೆ, ಎಲ್ಲೋ ಒಂದೆಳೆ ತಪ್ಪು ಎಣಿಸಿ ಗೋಪುರದ ಎಡಗಡೆ ಬಲಗಡೆ ಕೊನೆಗೆ ಕೂಡುತ್ತಲೇ ಇರಲಿಲ್ಲ. ಅತ್ತ ಟೆರೇಸಿನಲ್ಲಿ ಟೊಮೆಟೊ ಬಾಡಿ ಮಲಗಿತ್ತು. ಆಮೇಲೆ ದಿನವನ್ನೇ ಸ್ವಲ್ಪ ಆಚೀಚೆ ಮಾಡಿಕೊಂಡೆ. ನಿಮಗೂ ಹೊಂದಬಹುದು, ನೋಡಿ.

ಮೊದಲು ಕುಂಡ ಎಣಿಸಿ. ಹತ್ತಕ್ಕಿಂತ ಜಾಸ್ತಿ ಇದ್ದರೆ ಪಕ್ಕದ ಮನೆಯವರಿಗೆ ಕೊಟ್ಟುಬಿಡಿ. ಟೊಮೆಟೊಗೆ ಕೋಲು ಕಟ್ಟಬೇಕು, ಹುಳ ನೋಡಬೇಕು, ಕೂಸು ಸಾಕಿದ ಹಾಗೆ. ಮೆಂತ್ಯ, ದಂಟು, ಬಸಳೆ ಸಾಕು. ಅಡುಗೆಮನೆಯ ಮೆಂತ್ಯವನ್ನೇ ರಾತ್ರಿ ನೆನೆಸಿಡಿ, ಬೆಳಿಗ್ಗೆ ಅಗಲದ ಕುಂಡದಲ್ಲಿ ಚೆಲ್ಲಿ ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಮೂರ್ನಾಲ್ಕು ದಿನಕ್ಕೆ ಮೊಳಕೆ, 25 ದಿನದ ಆಸುಪಾಸಿಗೆ ಸೊಪ್ಪು. ಬಸಳೆ ಕಡ್ಡಿ ಚುಚ್ಚಿದರೂ ಬರುತ್ತದೆ. ನೀರು ಬಿಸಿಲೇರುವ ಮುಂಚೆ, ಅದೂ ಬೆರಳು ಚುಚ್ಚಿ ನೋಡಿ ಮಣ್ಣು ಒಣಗಿದ್ದರೆ ಮಾತ್ರ.

ಮಣ್ಣಾಡಿದ ಕೈಗೆ ರೇಷ್ಮೆ ದಾರ ಸಿಕ್ಕಿಕೊಳ್ಳುತ್ತದೆ, ಬೆರಳ ತುದಿ ಅಷ್ಟು ಒರಟಾಗಿರುತ್ತದೆ. ಒಂದು ಚಿಟಿಕೆ ಸಕ್ಕರೆ, ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ, ಕಡ್ಲೆಹಿಟ್ಟಿನಲ್ಲಿ ಚೆನ್ನಾಗಿ ತೊಳೆಯಿರಿ. ಎಣ್ಣೆ ಉಳಿದರೆ ಬಟ್ಟೆಗೆ ಕಲೆ, ಹುಷಾರು.

ಸೂಜಿ ಹಿಡಿಯುವುದು ಹನ್ನೊಂದರ ಹೊತ್ತಿಗೆ, ಕಿಟಕಿ ಪಕ್ಕ. ಕಸೂತಿಗೆ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಲೇ ಹೋಗಬೇಕು, ಗಂಟೂ ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಅಂತ ನಾಲ್ಕು ಹೊಲಿಗೆ. ಹೊಸಬರು ಎಳೆ ಸುಲಭವಾಗಿ ಎಣಿಸಲು ಬರುವ ಮ್ಯಾಟಿ ಬಟ್ಟೆ ಮೇಲೆ ಗವಂತಿಯಿಂದ ಶುರು ಮಾಡಿ, ದಾರ ಒಂದು ಮೊಳ ಸಾಕು. ಗವಂತಿ ಅಂದರೆ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತಾ ಹೋಗುವುದು, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುವುದು, ಆಗ ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ. ನನ್ನ ಗುಟ್ಟು ಇಲ್ಲೇ ಇರೋದು. ಹೋಗುವ ಸಾಲಿಗೆ ಲೆಕ್ಕ ಬೇಕು, ಬರುವ ಸಾಲಿಗೆ ಬೇಡ. ಹೋಗುವ ಸಾಲನ್ನು ಬೆಳಿಗ್ಗೆಯೇ ಮುಗಿಸಿ, ಬರುವ ಸಾಲನ್ನು ಸಂಜೆಗೆ ಇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ದೂರದ ತೆಂಗಿನ ಮರ ನೋಡಿ, ಕಣ್ಣಿಗೆ ಒಳ್ಳೆಯದು.

ಊಟ ಆದ ಮೇಲೆ ಎರಡೂ ಇಲ್ಲ. ಕೆಲಸ ಬದಲಾಯಿಸಿದರೆ ಅದೇ ವಿಶ್ರಾಂತಿ ಅಂತಾರೆ, ನಾನಂತೂ ಒಪ್ಪುವುದಿಲ್ಲ. ಚಾಪೆ ಹಾಸಿ ಅರ್ಧ ಗಂಟೆ ಸುಮ್ನೆ ಅಡ್ಡಾಗಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ (ಹೊಸ ಡಿಸೈನ್ ಹುಡುಕುವುದೂ ಕೆಲಸವೇ!). ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಾನೂ ಸೋಮವಾರ ಸೂಜಿ ಡಬ್ಬಿ ತೆಗೆಯುವುದಿಲ್ಲ. ಗಿಡಕ್ಕೆ ನೀರು ಮಾತ್ರ ಹಾಕುತ್ತೇನೆ, ಅದಕ್ಕೆ ವಾರ ಗೊತ್ತಿಲ್ಲ ಅಲ್ವಾ.

ಸಂಜೆ ಚಹಾ ಕುಡಿದು, ಒಳ್ಳೆ ಲೈಟ್ ಕೆಳಗೆ ಬರುವ ಸಾಲು ಹಿಡಿಯಿರಿ. ಮಾತಾಡುತ್ತಲೇ ಮುಗಿಯುತ್ತದೆ. ಕಣ್ಣು ಉರಿಯುತ್ತಿದ್ದರೆ ಅದೂ ಬೇಡ, ಮಲ್ಲಿಗೆ ಕಟ್ಟಿ.

ಗೋಪುರ ನಾಲ್ಕನೇ ಸಲಕ್ಕೆ ಕೂಡಿತು, ಒಂದು ಬುಧವಾರ ಬೆಳಿಗ್ಗೆ. ಟೊಮೆಟೊ ಮಾತ್ರ ಮತ್ತೆ ಹಾಕಿಲ್ಲ.